ಕ್ಲೆಮ್‌ನ ಬೂಟಿನ ಲೇಸು

ಕ್ಲೆಮ್‌ನ ಶವಪೆಟ್ಟಿಗೆಯ ಮೇಲಿಟ್ಟಿದ್ದ ಹಳೆಯ ಕೆಂಪು ಕ್ರಿಕೆಟ್ ಚೆಂಡು ಉರುಳಿ ಬೀಳುವಷ್ಟರಲ್ಲಿ ಮೊಮ್ಮಗಳು ಟೀಗನ್ ಬಗ್ಗಿ ಒಂದೇ ಕೈಯಲ್ಲಿ ಹಿಡಿದಳು. ಚರ್ಚಿನಲ್ಲಿ ಅಳುತ್ತಿದ್ದವರೂ ನಕ್ಕರು. ಅವಳು ನೆಟ್ಟಗಾಗಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.

"ಶುಕ್ರವಾರ ಪರ್ತ್‌ನಲ್ಲಿ ರಾಜ್ಯ ತಂಡಕ್ಕೆ ಆಡೋಳು ಅಂದ್ರೆ ಸುಮ್ನೇನಾ!" ಎಂದ ನೆವ್. ಊರಿನ ಕ್ಲಬ್ಬಿನಲ್ಲಿ ಕ್ಲೆಮ್‌ನ ಚೆಂಡು ಹಿಡಿದು ಹಿಡಿದು ಬೆರಳು ಸೊಟ್ಟಗಾದ ಮುದಿ ವಿಕೆಟ್‌ಕೀಪರ್ ಅವನು. "ನೀನೇ ಜೇಬಲ್ಲಿಟ್ಕೊಳ್ಳೇ. ಬೌಲಿಂಗ್ ಸಾಕು ಅಂತ ನಿಮ್ಮಜ್ಜನ ಕೈಯಿಂದ ಚೆಂಡು ಇಸ್ಕೊಳ್ಳೋ ಧೈರ್ಯ ಯಾವ ಕ್ಯಾಪ್ಟನ್‌ಗೂ ಇರಲಿಲ್ಲ."

"ಅಜ್ಜನ ಚಾಳಿ ಎಲ್ಲಾ ಬಂದಿದೆ ಇವಳಿಗೆ," ಎಂದಳು ಟೀಗನ್‌ಳ ಕೋಚ್ ಶೋನಾ, ಹೆಮ್ಮೆಯಿಂದ. "ಈಚೆಗೆ ನೋಡ್ತಿದ್ದೀನಿ, ಪ್ರತಿ ಓವರ್‌ಗೂ ಮುಂಚೆ ಮಂಡಿಯೂರಿ ಲೇಸ್ ಕಟ್ಕೋತಾಳೆ. ಥೇಟ್ ಕ್ಲೆಮ್!"

ಮುಂದಿನ ಬೆಂಚಿನಲ್ಲಿದ್ದ ಕ್ಲೆಮ್‌ನ ಹೆಂಡತಿ ಎಲ್ವಾ ತಟ್ಟನೆ ತಿರುಗಿ ಮೊಮ್ಮಗಳನ್ನು ನೋಡಿದಳು. ಗಂಡ ಸತ್ತ ದಿನವೂ ಅವಳು ಇಷ್ಟು ಹೆದರಿರಲಿಲ್ಲ.

*

ಎಷ್ಟೋ ವರ್ಷಗಳ ಹಿಂದಿನ ಅಡಿಲೇಡ್. ಕ್ಲೆಮ್‌ನ ಎರಡನೇ ಟೆಸ್ಟ್. ಬೆಳಿಗ್ಗೆ ಮಂಚದ ಮೇಲೆ ಕೂತವನಿಗೆ ಕಾಲಿನವರೆಗೆ ಬಗ್ಗಲು ಆಗಲಿಲ್ಲ. ಬೂಟಿನ ಲೇಸು ಕಟ್ಟಿದವಳು ಎಲ್ವಾ. ಗೋಧಿ ಚೀಲ ಕಟ್ಟಿ ಪಳಗಿದ ಕೈ. ಎರಡೆರಡು ಗಂಟು ಬಿಗಿದಳು.

"ಬೆನ್ನು ಡಾಕ್ಟರಿಗೆ ತೋರಿಸೋ ಮಾರಾಯ."

"ಈ ಪಂದ್ಯ ಒಂದು ಕಳೀಲಿ. ಯಾರಿಗೂ ಹೇಳ್ಬೇಡ."

ಮೈದಾನದಲ್ಲಿ ಅವನು ಓವರಿಗೊಮ್ಮೆ ಮಂಡಿಯೂರಿ ಲೇಸು ಮುಟ್ಟತೊಡಗಿದ. "ಪಾಪ, ಯಾರಾದ್ರೂ ಬೇರೆ ಬೂಟ್ ಕೊಡಿಸ್ರೋ!" ಎಂದು ಜನ ಕೂಗಿ ನಕ್ಕರು. ಆ ಗಂಟು ಬಿಚ್ಚಿಕೊಳ್ಳುವಂಥದ್ದಲ್ಲ, ಅವನು ನೋವು ಇಳಿಯಲೆಂದು ಕಾಯುತ್ತಿದ್ದಾನೆ ಎಂಬುದು ಅಷ್ಟು ಜನರಲ್ಲಿ ಎಲ್ವಾಳೊಬ್ಬಳಿಗೇ ಗೊತ್ತಿತ್ತು. ಊಟದ ಬಿಡುವಿನಲ್ಲಿ ಕ್ಯಾಪ್ಟನ್ ಎದುರಿಗೇ ಸಿಕ್ಕು ಮಾತಾಡಿಸಿದ. ಅವಳು ಬೆನ್ನಿನ ವಿಷಯ ಬಾಯಿಬಿಡಲಿಲ್ಲ. ಊಟವಾದ ಮೇಲಿನ ಮೊದಲ ಓವರಿನಲ್ಲೇ ಕ್ಲೆಮ್ ಬಿದ್ದ. ಮತ್ತೆಂದೂ ಬೌಲ್ ಮಾಡಲಿಲ್ಲ.

ಆಮೇಲೆ ಬದುಕಿಡೀ ಬೆನ್ನಿಗೆ ದಿಂಬಿಟ್ಟುಕೊಂಡು ಗೋಧಿ ಲಾರಿ ಓಡಿಸಿದ, ಬರಿ ನೆಲದ ಮೇಲೆ ಮಲಗಿದ. ಮೊಮ್ಮಗಳಿಗೆ ಬೌಲಿಂಗ್ ಕಲಿಸಿದವನೂ ಅವನೇ, ಕುರ್ಚಿಯಲ್ಲಿ ಕೂತುಕೊಂಡು. ಹೆಂಡತಿಯನ್ನು ಒಂದು ಮಾತೂ ದೂರಲಿಲ್ಲ. ದೂರಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

*

ಬಾಗಿಲಾಚೆ ಕ್ಲಬ್ಬಿನವರು ಕೊನೆಯ ಗೌರವಕ್ಕೆಂದು ಎರಡು ಸಾಲಾಗಿ ಬ್ಯಾಟು ಎತ್ತಿ ಹಿಡಿದು ನಿಂತಿದ್ದರು. ಪೆಟ್ಟಿಗೆ ಹೊರುವವರೆಲ್ಲ ಬಂದರು. ಮುಂದಿನ ಹಿಡಿಕೆ ಟೀಗನ್‌ಳದು.

"ಹ್ಞೂಂ, ಎತ್ರೋ," ಎಂದ ನೆವ್.

"ಒಂದ್ನಿಮಿಷ, ಲೇಸು..." ಟೀಗನ್ ಮಂಡಿಯೂರಿದಳು.

ಎಲ್ವಾ ನೋಡಿದಳು. ಇವತ್ತಿಗೆಂದು ತಾನೇ ಕೊಟ್ಟ ಕಪ್ಪು ಷೂ. ಅದಕ್ಕೆ ಲೇಸೇ ಇರಲಿಲ್ಲ.

ಅವಳು ಎದ್ದು ಹೋಗಿ ಮೊಮ್ಮಗಳ ಕಿವಿಯ ಹತ್ತಿರ ಬಗ್ಗಿದಳು. "ಎಷ್ಟು ದಿನದಿಂದ ಮಗಾ?"

ಟೀಗನ್‌ಳ ಮೇಲ್ದುಟಿಯಲ್ಲಿ ಬೆವರು. "ನಿನ್ ದಮ್ಮಯ್ಯ ಅಜ್ಜೀ. ಶುಕ್ರವಾರ ಒಂದು ಕಳೀಲಿ. ಯಾರಿಗೂ ಹೇಳ್ಬೇಡ."

ಅದೇ ಮಾತು. ಹೊರುವವರು ಹಿಡಿಕೆ ಹಿಡಿದು ಕಾಯುತ್ತಿದ್ದರು. ಎಲ್ವಾ ನೆಟ್ಟಗೆ ನಿಂತಳು.

"ಶೋನಾ," ಎಂದಳು, ಎಲ್ಲರಿಗೂ ಕೇಳುವಂತೆ. "ಇವಳ ಬೆನ್ನು ಕೆಟ್ಟಿದೆ. ಶುಕ್ರವಾರ ಇವಳು ಆಡಲ್ಲ. ನೆವ್, ಇವಳ ಜಾಗಕ್ಕೆ ನೀನು ಬಾ."

"ನಿನ್ನ ಯಾವತ್ತೂ ಕ್ಷಮಿಸಲ್ಲ ಅಜ್ಜೀ!"

"ಕ್ಷಮಿಸಬೇಡ."

ಪೆಟ್ಟಿಗೆ ಬ್ಯಾಟುಗಳ ನಡುವೆ ಸಾಗಿತು. ಎಲ್ವಾ ಅದರ ಹಿಂದೆ ಹೋಗಲಿಲ್ಲ. ಮೊಮ್ಮಗಳ ಮುಂದೆ ಅಂಗೈ ಚಾಚಿ ನಿಂತಳು. ಟೀಗನ್ ಜೇಬಿನೊಳಗೆ ಚೆಂಡನ್ನು ಬಿಗಿಯಾಗಿ ಹಿಡಿದೇ ಇದ್ದಳು. ಹೊರಗೆ ಶವದ ಗಾಡಿಯ ಬಾಗಿಲು ಹಾಕಿಕೊಂಡಿತು.

ಆಮೇಲೆ ಚೆಂಡು ಅಜ್ಜಿಯ ಕೈಗೆ ಬಂತು. ಬೆವರಿಗೆ ಒದ್ದೆಯಾಗಿತ್ತು.