ತಾಯಪ್ಪ ಪಾಸಾಗಿ ಕೆಟ್ಟ ಕಥೆ

ಕಂಪ್ಲಿ ಬಳಿಯ ಮೆಟ್ರಿಯ ತಾಯಪ್ಪನ ಮನೆಗೆ ನಾಡಕಚೇರಿಯಿಂದ ಹಿಂಬರಹ ಬಂದ ದಿನ, ಅದನ್ನು ಯಾರಾದರೂ ಓದುವ ಮೊದಲೇ ಪಕ್ಕದ ಮನೆಯ ಎರ್ರಿಯಪ್ಪ ತೀರ್ಪು ಕೊಟ್ಟುಬಿಟ್ಟ. ಕೊಡುವುದಿದ್ದರೆ ಸರಕಾರ ಇಷ್ಟು ಜಲ್ದಿ ಉತ್ತರ ಬರೆಯುವುದಿಲ್ಲ ಎಂದ. ಅವನ ಮಾತೇ ನಿಜವಾಯಿತು. ಅಂಗವೈಕಲ್ಯ ಶೇಕಡಾ ನಲವತ್ತಕ್ಕಿಂತ ಕಡಿಮೆ ಇರುವುದರಿಂದ ಮಾಸಾಶನದ ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂದು ಅದರಲ್ಲಿತ್ತು. ತಾಯಪ್ಪನಿಗೆ ಸಿಕ್ಕಿದ್ದು ಇಪ್ಪತ್ತೆಂಟು.

"ಸಾಲ್ಯಾಗ ಮೂವತ್ತೈದಕ್ಕ ಪಾಸ್ ಮಾಡ್ತಾರ. ಇವರಿಗೆ ನಲವತ್ತು ಬೇಕಂತ," ಎಂದು ಹೆಂಡತಿ ದ್ಯಾಮಕ್ಕ ಗೊಣಗಿದಳು.

ಯಶವಂತನಗರದ ಕಡೆ ಗಣಿಯಲ್ಲಿ ಹತ್ತೊಂಬತ್ತು ವರ್ಷ ದುಡಿದವನು ತಾಯಪ್ಪ. ಮೂರು ವರ್ಷದ ಹಿಂದೆ ಅದಿರಿನ ಬಂಡೆ ಉರುಳಿ ಬಲಮೊಣಕಾಲು ಜಜ್ಜಿಹೋಗಿತ್ತು. ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಒಂದು ಲೋಟ ಚಹಾಕ್ಕೂ ಹೆಂಡತಿಯ ಸೆರಗಿನ ಗಂಟು ಬಿಚ್ಚಿಸಬೇಕು. ಭತ್ತದ ಗದ್ದೆಯಲ್ಲಿ ನಾಟಿ ಹಾಕಿ ಸೊಂಟ ಹಿಡಿದುಕೊಂಡು ಬಂದ ದ್ಯಾಮಕ್ಕ ಆ ಗಂಟು ಬಿಚ್ಚುವಾಗ ತಾಯಪ್ಪ ಗೋಡೆ ನೋಡುತ್ತಿದ್ದ. ಮಾಸಾಶನ ಬಂದರೆ ಹಾಗೆ ಗೋಡೆ ನೋಡುವುದು ತಪ್ಪುತ್ತದೆ ಎಂಬುದೇ ಅವನ ಆಸೆ.

ಮರುದಿನ ಅನುಸೂಯಾ ಮೂರು ಗಾಲಿಯ ಸ್ಕೂಟರ್ ಮೇಲೆ ಬಂದಳು. ಪಂಚಾಯಿತಿಯಲ್ಲಿ ವಿಕಲಚೇತನರ ಕೆಲಸ ನೋಡುವ ಪುನರ್ವಸತಿ ಕಾರ್ಯಕರ್ತೆ ಅವಳು. ಅವಳಿಗೂ ಚಿಕ್ಕಂದಿನಲ್ಲೇ ಪೋಲಿಯೋದಿಂದ ಎಡಗಾಲು ಸೋತಿತ್ತು. ಹಿಂಬರಹದಲ್ಲಿ ಮೊದಲು ಕಾರಣ ಓದಿದಳು. ಆಮೇಲೆ ವೈದ್ಯರ ಸರ್ಟಿಫಿಕೇಟು ಕೇಳಿ ಅದರ ತಾರೀಖು ನೋಡಿ ಬೆರಳು ಮಡಚಿ ದಿನ ಎಣಿಸಿದಳು. ಮಾಸಾಶನ ಸಿಗುವುದು ಬಿಡುವುದು ಈ ಸರ್ಟಿಫಿಕೇಟಿನ ಮೇಲೆ, ಆದ್ದರಿಂದ ಮೇಲ್ಮನವಿ ಹಾಕಬೇಕಾದದ್ದು ಈ ಇಪ್ಪತ್ತೆಂಟರ ಮೇಲೆ, ಗಡುವು ಮುಗಿಯಲು ಹನ್ನೊಂದು ದಿನ ಉಳಿದಿದೆ ಎಂದಳು.

"ಸರಕಾರ ಸಹಿ ಹಾಕಿದ ಮ್ಯಾಲೆ ಮುಗೀತಲ್ವಾ?" ಎಂದ ತಾಯಪ್ಪ.

"ಸಹಿ ಹಾಕಿದೋರ ಮ್ಯಾಲೆ ಇನ್ನೊಬ್ರು ಇರ್ತಾರ ಮಾವ. ಅದಿರ್ಲಿ, ಈ ಕಾಲಿಗೆ ಬರೇ ಇಪ್ಪತ್ತೆಂಟು ಹೆಂಗ ಬಂತು? ಡಾಕ್ಟರ್ ಮುಂದ ಏನೇನ್ ಮಾಡಿದ್ರಿ?"

ತಾಯಪ್ಪ ಎದೆ ಉಬ್ಬಿಸಿ ಹೇಳತೊಡಗಿದ. ಹಿಂದಿನ ದಿನವೇ ಎಣ್ಣೆ ಹಚ್ಚಿ ಕಾಲು ತಿಕ್ಕಿಸಿಕೊಂಡಿದ್ದ. ಬೆಳಿಗ್ಗೆ ನೋವಿನ ಗುಳಿಗೆ ಎರಡು ನುಂಗಿ, ಪ್ಯಾಂಟಿನ ಒಳಗೆ ಪಟ್ಟಿ ಬಿಗಿದಿದ್ದ. ಡಾಕ್ಟರು ನೋವಿದೆಯಾ ಎಂದರೆ ಆರಾಮ ಐತ್ರಿ ಎಂದಿದ್ದ. ಮೆಟ್ಟಿಲು ಹತ್ತುತ್ತೀರಾ ಎಂದರೆ ಗುಡ್ಡಾನೇ ಹತ್ತೀನ್ರಿ ಎಂದಿದ್ದ. ಅವರು ಕೇಳದಿದ್ದರೂ ಎರಡು ಬಸ್ಕಿ ಹೊಡೆದು ತೋರಿಸಿದ್ದ.

ಅನುಸೂಯಾ ಹಣೆಗೆ ಕೈ ಇಟ್ಟುಕೊಂಡಳು.

ಅದು ಗಣಿಯವರ ರೂಢಿ. ಅಲ್ಲಿ ಆಗಾಗ ಮೈ ತಪಾಸಣೆ ಇರುತ್ತದೆ. ಒಂದು ಕೆಮ್ಮು ಬಂದರೂ ಕೆಲಸ ಹೋದೀತೆಂಬ ಭಯಕ್ಕೆ ಸಾಲಿನಲ್ಲಿ ನಿಂತವರೆಲ್ಲ ಗಟ್ಟಿಮುಟ್ಟಾಗುತ್ತಿದ್ದರು. ಕಣ್ಣಿನ ಪರೀಕ್ಷೆಯ ಅಕ್ಷರಗಳನ್ನು ಮುಂದಿನವನು ಹಿಂದಿನವನಿಗೆ ಪಿಸುಗುಡುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಫೇಲಾಗದ ತಾಯಪ್ಪ, ಬಿಳಿ ಕೋಟು ಕಂಡರೆ ಸಾಕು, ಮೈ ನೆಟ್ಟಗೆ ಮಾಡಿಬಿಡುತ್ತಿದ್ದ. ಅಂಗವೈಕಲ್ಯದ ಪರೀಕ್ಷೆಯಲ್ಲೂ ಪಾಸಾಗಿ ಬಂದಿದ್ದ.

ಎರ್ರಿಯಪ್ಪ ಬಾಗಿಲಲ್ಲೇ ಉಪಾಯ ಹೇಳಿದ. ಈ ಸಲ ಡಾಕ್ಟರ ಕಾಲ ಬಳಿ ದೊಪ್ಪನೆ ಬಿದ್ದುಬಿಡು, ನಾನು ಹೊರಗಿನಿಂದ ಅಳುತ್ತೇನೆ ಎಂದ.

"ಬಿದ್ದು ನಾಟಕ ಮಾಡೋದು ಬ್ಯಾಡ, ನೆಟ್ಟಗ ನಿಂತು ನಾಟಕ ಮಾಡೋದೂ ಬ್ಯಾಡ," ಎಂದಳು ಅನುಸೂಯಾ. "ಹೆಂಗ ಅದೀರೋ ಹಂಗ ಬರ್ರಿ. ಅಷ್ಟ ಸಾಕು."

ಹಳೆಯ ದಾಖಲೆ ಹುಡುಕಿದಾಗ ಆಸ್ಪತ್ರೆಯ ಚೀಟಿಗಳು ಹಾಸಿಗೆಯ ಕೆಳಗೆ ಸಿಕ್ಕವು. ಎಕ್ಸ್‌ರೇ ಮಾತ್ರ ಎಲ್ಲೂ ಇಲ್ಲ. ಕೊನೆಗೆ ದ್ಯಾಮಕ್ಕ ನಾಲಿಗೆ ಕಚ್ಚಿಕೊಂಡು ಕೊಟ್ಟಿಗೆಗೆ ಓಡಿದಳು. ಗಾಳಿ ಬರುತ್ತದೆಂದು ಕಿಟಕಿಗೆ ಅದನ್ನೇ ಮೊಳೆ ಹೊಡೆದಿದ್ದಳು. ಎರಡು ವರ್ಷದಿಂದ ತಾಯಪ್ಪನ ಮೊಣಕಾಲು ಎಮ್ಮೆಯನ್ನು ನೋಡುತ್ತಾ ನಿಂತಿತ್ತು.

ಆಮೇಲೆ ಅನುಸೂಯಾ ಒಂದು ಹಾಳೆ ತೆಗೆದಳು. ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಏನೇನು ಆಗುವುದಿಲ್ಲ, ಒಂದೊಂದೇ ಹೇಳಿ ಎಂದಳು.

"ಎಲ್ಲಾ ಆಕ್ಕೈತಿ ಅಂತ ಬರಿ," ಎಂದ ತಾಯಪ್ಪ.

ದ್ಯಾಮಕ್ಕ ಬಿಡಲಿಲ್ಲ. ಊಟಕ್ಕೆ ನೆಲದ ಮೇಲೆ ಕೂರುವುದಿಲ್ಲ ಎಂದಳು. ಕೊಡ ಎತ್ತುವುದಿಲ್ಲ, ಬಸ್ಸಿನ ಮೆಟ್ಟಿಲಿಗೆ ಇಬ್ಬರು ಬೇಕು, ಇಳಿಯಲು ಮೂವರು ಎಂದಳು. ತಾಯಪ್ಪ ಪ್ರತಿಯೊಂದಕ್ಕೂ ಅಡ್ಡ ಬಂದ.

"ಹಂಗಾರ ಸಂಡಾಸದಾಗ ಹಗ್ಗ ಯಾಕ ಕಟ್ಟೀರಿ?" ಎಂದಳು ದ್ಯಾಮಕ್ಕ.

"ಟವೆಲ್ ಹಾಕಾಕ."

"ಟವೆಲ್ ಹಾಕಾಕ ನಡುನಡುವ ನಾಕು ಗಂಟು ಯಾಕ ಬೇಕು? ಹಿಡಕೊಂಡು ಏಳತೀರಿ, ನನಗ ಗೊತ್ತಿಲ್ಲೇನು? ದಿನಾ ಬಾಗಿಲ ಹೊರಗ ನಿಂತಿರ್ತೀನಿ. ಹಗ್ಗ ಹರದ್ರ ಅಂತ."

ತಾಯಪ್ಪ ತಲೆ ಎತ್ತಲಿಲ್ಲ. ಹಾಳೆಯ ಕಡೆ ಕೈ ತೋರಿಸಿ, "ಹಗ್ಗದ್ದೂ ಬರಿ," ಎಂದ.

ಗಡುವಿಗೆ ನಾಲ್ಕು ದಿನ ಇರುವಾಗ ಮೇಲ್ಮನವಿ ಹೋಯಿತು. ಹಿಂಬರಹ, ಸರ್ಟಿಫಿಕೇಟು, ಚೀಟಿ, ಎಮ್ಮೆಯ ಎಕ್ಸ್‌ರೇ, ಆ ಹಾಳೆ, ಎಲ್ಲದರ ಒಂದೊಂದು ನಕಲನ್ನು ಅನುಸೂಯಾ ತಾಯಪ್ಪನ ಮನೆಯಲ್ಲೇ ಇರಿಸಿ, ಕಚೇರಿಯಿಂದ ಸ್ವೀಕೃತಿ ಚೀಟಿ ಬರೆಸಿಕೊಂಡೇ ಬಂದಳು. ತಿಂಗಳೊಳಗೆ ಹೊಸಪೇಟೆಗೆ ಮರುಪರೀಕ್ಷೆಗೆ ಕರೆ ಬಂತು.

ಅಂದು ಗುಳಿಗೆ ಇಲ್ಲ, ಪಟ್ಟಿ ಇಲ್ಲ. ಕಂಪ್ಲಿಯಿಂದ ಬಸ್ಸಿನಲ್ಲಿ ಬರುವಷ್ಟರಲ್ಲೇ ತಾಯಪ್ಪನ ಮುಖ ಬೆವೆತಿತ್ತು. ಒಳಗೆ ಮೂವರು ಡಾಕ್ಟರು ಕುಳಿತಿದ್ದರು. ಮೂರು ಬಿಳಿ ಕೋಟು. ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

ನಡುವೆ ಕುಳಿತಿದ್ದ ಡಾಕ್ಟರಮ್ಮ ಕುಕ್ಕರಗಾಲಿನಲ್ಲಿ ಕೂತು ಏಳಲು ಹೇಳಿದರು. ತಾಯಪ್ಪ ಅರ್ಧ ಬಗ್ಗಿದ. ಹಲ್ಲು ಕಚ್ಚಿದರೆ ಇವತ್ತೂ ಆಗುತ್ತಿತ್ತು. ಆಗುತ್ತದೆ ಎಂಬುದೇ ಅವನ ಕಷ್ಟ. ಹಿಂದಿನಿಂದ ದ್ಯಾಮಕ್ಕನ ಬಳೆ ಸದ್ದಾಯಿತು. ಅವಳು ಹಿಡಿಯಲು ಕೈ ಚಾಚಿದ್ದಳು.

ತಾಯಪ್ಪ ಮೇಜು ಹಿಡಿದು ನಿಂತುಬಿಟ್ಟ.

"ಕುಂತು ಒಮ್ಮಿ ಏಳಬಹುದ್ರಿ ಮೇಡಂ. ಆಮ್ಯಾಲೆ ಎರಡು ದಿನ ಹಾಸಿಗಿ ಬಿಟ್ಟು ಏಳಾಕ ಆಗಂಗಿಲ್ಲ."

"ಹೋದ ಸಲ ಇದನ್ನ ಯಾಕೆ ಹೇಳಲಿಲ್ಲ?"

"ಅವರು ಕೇಳಿದ್ರು ರೀ. ನಾನ ಸುಳ್ಳು ಹೇಳಿದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಕುರ್ಚಿ ತೋರಿಸಿ, ಮೊಣಕಾಲನ್ನು ಮತ್ತೆ ಮೊದಲಿನಿಂದ ನೋಡಿದರು. ಹೊಸ ಸರ್ಟಿಫಿಕೇಟಿನಲ್ಲಿ ನಲವತ್ತಾರು ಬಂತು. ಅದನ್ನು ಲಗತ್ತಿಸಿ ನಾಡಕಚೇರಿಗೆ ಮತ್ತೆ ಅರ್ಜಿ ಹಾಕಿದರು, ಮಾಸಾಶನ ಮಂಜೂರಾಯಿತು. ಮೊದಲ ತಿಂಗಳು ತಾಯಪ್ಪ ಹೆಂಡತಿಯನ್ನು ಹೋಟೆಲಿಗೆ ಕರೆದೊಯ್ದು ಚಹಾ ಕುಡಿಸಿದ. ಜೊತೆಗೆ ಬಂದ ಎರ್ರಿಯಪ್ಪ, ತಾನು ಅಳಲು ತಯಾರಿದ್ದುದನ್ನು ಮರೆಯಬಾರದೆಂದು ಹೇಳಿ ಎರಡು ಮಿರ್ಚಿ ಬಜ್ಜಿ ತಿಂದ.

ಓದುವವರೇ, ಕೇಳುವವರೇ, ನಿಮ್ಮ ಮನೆಗೂ ಇಂಥ ಹಿಂಬರಹ ಬಂದಿದ್ದರೆ ಮಡಚಿ ಗೂಡಿಗೆ ಇಡಬೇಡಿ. ಯಾಕೆ ಇಲ್ಲವೆಂದರು ಎಂದು ಓದಿ, ಓದಲು ಬಾರದಿದ್ದರೆ ಓದಿಸಿ. ಯಾರಿಗೆ, ಎಷ್ಟು ದಿನದೊಳಗೆ ಮೇಲ್ಮನವಿ ಹಾಕಬೇಕೆಂದು ಅದೇ ದಿನ ಕಚೇರಿಯಲ್ಲಿ ಅಥವಾ ನಿಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಲ್ಲಿ ಕೇಳಿ. ಡಾಕ್ಟರ ಮುಂದೆ ಇಲ್ಲದ ನೋವು ಹೇಳಬೇಡಿ, ಇರುವ ನೋವು ಮುಚ್ಚಬೇಡಿ. ಆಗುವುದಿಲ್ಲ ಎಂದು ನಿಜ ಹೇಳಿದವರ ಮಾನ ಎಲ್ಲಿಗೂ ಹೋಗುವುದಿಲ್ಲ. ಹೇಳದೆ ಕುಳಿತವರ ಹಕ್ಕು ಮಾತ್ರ ಹೋಗುತ್ತದೆ.