ಬಾಗಿಲಲ್ಲಿ ಯಾರೋ ಇದ್ದಾರೆ

‘ಬಾಗಿಲಲ್ಲಿ ಯಾರೋ ಇದ್ದಾರೆ’ ಎಂದು ಫೋನು ಮತ್ತೊಮ್ಮೆ ಗುಂಯ್‌ಗುಟ್ಟಿದಾಗ ನೀಲಿಮಾ ಅದನ್ನು ಪರ್ಸಿನಿಂದ ಹೊರತೆಗೆಯುವ ಗೋಜಿಗೂ ಹೋಗಲಿಲ್ಲ. ಬೆಳಗಿನಿಂದ ಆ ಬಾಗಿಲಲ್ಲಿ ಯಾರ‍್ಯಾರು ಇದ್ದರೆಂಬುದು ಅವಳಿಗೆ ಬಾಯಿಪಾಠವಾಗಿತ್ತು. ಕಸ ಒಯ್ಯುವವನು, ಮೂರನೆಯ ಮಹಡಿಯ ಬೆಕ್ಕು, ಮತ್ತೆ ಅದೇ ಬೆಕ್ಕು, ಲಿಫ್ಟು ತೆರೆದಾಗ ಎದುರು ಗೋಡೆಗೆ ಬಿದ್ದ ಬೆಳಕು. ಬೆಳಕನ್ನೂ ಆ ಯಂತ್ರ ಮನುಷ್ಯನೆಂದೇ ಲೆಕ್ಕ ಹಿಡಿದಿತ್ತು.

ಕಂಪನಿಯ ಬಸ್ಸು ವಾಘೋಲಿಯಲ್ಲಿ ನಿಂತು ಬಹಳ ಹೊತ್ತಾಗಿತ್ತು. ರಾಂಜಣಗಾಂವದಿಂದ ಹೊರಟಾಗ ಇದ್ದ ಬಿಸಿಲು ಹೋಗಿ, ಮುಂದಿನ ಲಾರಿಗಳ ಕೆಂಪು ದೀಪಗಳು ಹೊತ್ತಿಕೊಂಡಿದ್ದವು. ಅವಳು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ವಿಭಾಗದವಳು. ದಿನವಿಡೀ ಒಂದೊಂದೇ ಭಾಗ ಎತ್ತಿ ನೋಡಿ ‘ನಡೀತದ’, ‘ನಡಿಯೂದಿಲ್ಲ’ ಎನ್ನುವುದೇ ಅವಳ ಕೆಲಸ. ಅದಕ್ಕೇ ಗಂಡ ಕೇದಾರ ಈ ಕ್ಯಾಮೆರಾ ಗಂಟೆಯನ್ನು ತಂದು ಖರಾಡಿಯ ಮನೆಯ ಬಾಗಿಲಿಗೆ ಅಂಟಿಸಿದ ದಿನವೇ ತೀರ್ಪಿನ ಹೊಣೆಯನ್ನು ಅವಳ ತಲೆಗೆ ಕಟ್ಟಿದ್ದ. ಪಕ್ಕದ ಸೊಸೈಟಿಯಲ್ಲಿ ಹಾಡಹಗಲೇ ಬೀಗ ಒಡೆದು ಕಳವಾಗಿತ್ತು. ಇಬ್ಬರೂ ನೌಕರಿಗೆ ಹೋಗುವ ಮನೆಗೆ ಇಂಥದೊಂದು ಬೇಕೇ ಬೇಕು ಎಂಬುದು ಅವನ ವಾದ. “ನೀನೇ ಪರೀಕ್ಷೆ ಮಾಡು. ಸರಿ ಇಲ್ಲ ಅಂದರೆ ಈ ವಾರದೊಳಗೆ ವಾಪಸ್ ಮಾಡೋಣ,” ಎಂದು ಮರಾಠಿಯಲ್ಲಿ ಹೇಳಿ, ತಾನು ಮಾತ್ರ ಕುರಕುಂಭದ ಕೆಮಿಕಲ್ ಫ್ಯಾಕ್ಟರಿಗೆ ಸೆಕೆಂಡ್ ಶಿಫ್ಟಿಗೆಂದು ನಿಶ್ಚಿಂತನಾಗಿ ಹೋಗಿಬಿಡುತ್ತಿದ್ದ. ಅಲ್ಲಿ ಗೇಟಿನಲ್ಲೇ ಫೋನು ಒಪ್ಪಿಸಿ ಒಳಗೆ ಹೋಗಬೇಕು. ಹಾಗಾಗಿ ಬೆಕ್ಕಿನ ಸಮಾಚಾರವೆಲ್ಲ ನೀಲಿಮಾಳ ಪಾಲಿಗೇ.

ಫೋನು ಇನ್ನೊಮ್ಮೆ ಸದ್ದು ಮಾಡಿತು. ಈ ಸಲ ಯಾರೋ ಗುಂಡಿಯನ್ನೇ ಒತ್ತಿದ್ದರು. ಬೇಸರದಿಂದಲೇ ತೆರೆದು ನೋಡಿದವಳು ಸೀಟಿನಲ್ಲಿ ನೆಟ್ಟಗೆ ಕೂತಳು.

ಕ್ಯಾಮೆರಾದ ಡೊಂಕು ಗಾಜಿನಲ್ಲಿ ಮೂಗು ದೊಡ್ಡದಾಗಿ, ಹಣೆ ಹಿಂದಕ್ಕೆ ಹೋಗಿ ಕಾಣುತ್ತಿದ್ದ ಆ ಮುಖ ಸಾವಿತ್ರಿಬಾಯಿಯದು, ಅವಳ ಸೋದರತ್ತೆಯದು. ಇಳಕಲ್ ಸೀರೆ, ತೋಳಿನ ತುಂಬ ಹಸಿರು ಬಳೆ, ಎಡಗೈಯಲ್ಲಿ ಬೆಳ್ಳಿಯ ಬಟ್ಟಲು. ಬಟ್ಟಲಲ್ಲಿ ಏನಿದೆಯೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಕುಂಕುಮ, ಅಕ್ಷತೆ. ಅತ್ತೆ ಲಗ್ನಕ್ಕೆ ಕರೆಯಲು ಬಂದಿದ್ದಳು.

ತಾಯಿ ಸತ್ತ ಮೇಲೆ ನೀಲಿಮಾ ಬೆಳೆದದ್ದು ಬೆಳಗಾವಿಯಲ್ಲಿ, ಈ ಅತ್ತೆಯ ಮನೆಯಲ್ಲಿ. ತನ್ನ ಮಗ ಓಂಕಾರನಿಗೇ ಅವಳನ್ನು ತಂದುಕೊಳ್ಳಬೇಕೆಂಬುದು ಅತ್ತೆಯ ಮನಸ್ಸಿನಲ್ಲಿದ್ದ ಮಾತು. ಎಲ್ಲರೂ ಒಪ್ಪಿದ್ದ ಮಾತೂ ಹೌದು, ನೀಲಿಮಾಳೊಬ್ಬಳನ್ನು ಬಿಟ್ಟು. ಅವಳು ಪುಣೆಗೆ ನೌಕರಿಗೆ ಬಂದು, ಕೇದಾರನನ್ನು ಮೆಚ್ಚಿ, ರಿಜಿಸ್ಟರ್ ಲಗ್ನ ಮಾಡಿಕೊಂಡಾಗ, “ನಿನ್ನ ಮನಿ ಹೊಸ್ತಿಲಾ ನಾ ತುಳಿಯೂದಿಲ್ಲ” ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳಿದ್ದಳು. ಹೇಳಿದಂತೆ ನಡೆದೂ ಇದ್ದಳು. ಹನ್ನೊಂದು ವರ್ಷ ಒಂದು ಫೋನಿಲ್ಲ, ಸಂಕ್ರಾಂತಿಯ ಒಂದು ಕಾಳು ಎಳ್ಳಿಲ್ಲ. ಆ ಅತ್ತೆ ಈಗ ತಾನಾಗಿ ಬಂದು ಬಾಗಿಲಲ್ಲಿ ನಿಂತಿದ್ದಾಳೆ, ಬಾಗಿಲಿಗೆ ಬೀಗ.

“ಅತ್ಯಾ,” ಎಂದಳು ನೀಲಿಮಾ. ಪಕ್ಕದ ಸೀಟಿನವಳು ತಿರುಗಿ ನೋಡಿದಳು. “ಅತ್ಯಾ, ನಾ ನೀಲೂ ಮಾತಾಡ್ಲಿಕತ್ತೇನಿ.”

ಅಲ್ಲಿ ಅತ್ತೆ ಒಂದು ಹೆಜ್ಜೆ ಹಿಂದೆ ಸರಿದಳು. ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು. “ನೀಲೂ, ಒಳಗ ಇದ್ದೀಯೇನು?”

“ಒಳಗ ಇಲ್ರಿ ಅತ್ಯಾ. ಕಂಪನಿ ಬಸ್ಸಿನ್ಯಾಗ ಇದ್ದೀನಿ. ಗಾಡಿ ಸಿಕ್ಕೊಂಡು ನಿಂತದ. ನೀವು ನನಗ ಫೋನಿನ್ಯಾಗ ಕಾಣಸ್ಲಿಕತ್ತೀರಿ.”

“ನಾ ನಿನಗ ಕಾಣಸ್ತೇನಿ?”

“ಹೌದ್ರಿ. ಚಲೋ ಕಾಣಸ್ತೀರಿ.”

ಅತ್ತೆ ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. ಆಮೇಲೆ ಬಾಗಿಲಿಗೆ ಕಿವಿ ಹತ್ತಿರ ತಂದು, “ನಿನ್ನ ದನಿ ಇಲ್ಲೇ ಬಾಗಲದ ಹಿಂದ ಕೇಳಸ್ತದಲ್ಲ,” ಎಂದಳು.

ನೀಲಿಮಾಳಿಗೆ ಆಗ ಹೊಳೆಯಿತು. ಅತ್ತೆ ನಂಬುತ್ತಿಲ್ಲ. ಸೊಸೆ ಬಾಗಿಲ ಹಿಂದೆ ನಿಂತು, ತನ್ನನ್ನು ಕಣ್ಣಾರೆ ಕಂಡು, ಚಿಲಕ ತೆಗೆಯದೆ ಮಾತಾಡುತ್ತಿದ್ದಾಳೆ ಎಂದುಕೊಂಡಿದ್ದಾಳೆ. ಕ್ಯಾಮೆರಾವನ್ನು ವಿವರಿಸೋಣವೆಂದರೆ ನೆಟ್‌ವರ್ಕಿಗೆ ಅದೇ ಮುಹೂರ್ತ ಬೇಕಾಗಿತ್ತು. ಚಿತ್ರ ನಿಂತಿತು. ಅತ್ತೆ ಬಾಯಿ ಅರ್ಧ ತೆರೆದು ಹಾಗೇ ಉಳಿದಳು. ಮತ್ತೆ ಚಿತ್ರ ಬಂದಾಗ ಮಾತು ಎಲ್ಲಿಗೋ ಹೋಗಿ ಮುಟ್ಟಿತ್ತು.

“...ಓಂಕಾರಂದು ಲಗ್ನಾ ಕೂಡ್ಯದ. ಎಲ್ಲಾರ ಮನಿಗೂ ನಿಮ್ಮ ಮಾಮಾನೇ ಹೋಗಿದ್ರು, ನಿನ್ನ ಮನಿಗೆ ಮಾತ್ರ ನಾನೇ ಬರ್ತೇನಿ ಅಂದೆ. ನಿನ್ನ ಗೆಳತಿ ಅನುಸೂಯಾ ವಿಳಾಸ ಕೊಟ್ಲು. ಆತು, ನಿನಗ ಮನಸಿಲ್ಲಂದ್ರ ಬ್ಯಾಡ. ಇಲ್ಲೇ ಹೊಸ್ತಿಲದ ಮ್ಯಾಲ ನಾಕು ಕಾಳು ಇಟ್ಟು ಹೋಗ್ತೇನಿ.”

“ಇಡಬ್ಯಾಡ್ರಿ ಅತ್ಯಾ,” ಎಂದು ನೀಲಿಮಾ ಎದ್ದೇ ನಿಂತಳು. ಹಣೆಗೆ ಕುಂಕುಮವಿಡದೆ, ಕೈಗೆ ಅಕ್ಷತೆ ಕೊಡದೆ, ಹೊಸ್ತಿಲ ಮೇಲೆ ಇಟ್ಟು ಹೋದ ಕರೆ ಎಂಥ ಕರೆ? ಬೀದಿಯ ಮಂದಿಗೆ ಹಂಚಿದ ಕಾಗದಕ್ಕೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ಈಗ ಹೋದರೆ ಅತ್ತೆ ಇನ್ನು ಈ ಜನ್ಮದಲ್ಲಿ ಬರುವವಳಲ್ಲ. “ಸ್ವಲ್ಪ ತಡೀರಿ, ಬಂದ್ಬಿಟ್ಟೆ. ನಿಮ್ಮ ಫೋನ್ ನಂಬರರ ಹೇಳ್ರಿ.”

“ನಂಬರ್ ನನಗೆಲ್ಲಿ ಬಾಯಿಗೆ ಬರ್ತದ? ಫೋನು, ಪರ್ಸು ಎರಡೂ ಕೆಳಗ ಗಾಡ್ಯಾಗ ಅವ.”

ಹಿಂದಿನ ತಿಂಗಳಾಗಿದ್ದರೆ ಇದೆಲ್ಲ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಮರಾಠಿ ಪದ್ಧತಿಯಂತೆ ‘ವಹಿನಿ’, ಅಂದರೆ ಅತ್ತಿಗೆ, ಎಂದು ಅವಳು ಕರೆಯುವ ಎದುರು ಮನೆಯ ಹರ್ಷದಾಳ ಬಾಗಿಲ ಹಿಂದಿನ ಮೊಳೆಗೆ ಇವರ ಮನೆಯ ಇನ್ನೊಂದು ಕೀಲಿ ವರ್ಷಗಟ್ಟಲೆ ತೂಗುತ್ತಿತ್ತು. ಗ್ಯಾಸಿನವನು ಬಂದರೆ ಅವಳೇ ತೆರೆಯುತ್ತಿದ್ದಳು, ನಳದವನು ಬಂದರೆ ಅವಳೇ ಕಾವಲು ನಿಲ್ಲುತ್ತಿದ್ದಳು. ಕ್ಯಾಮೆರಾ ಬಂದ ದಿನ ಕೇದಾರ ಅತಿ ವಿನಯದಿಂದ ಹೋಗಿ, ಇನ್ನು ನಿಮಗೆ ತೊಂದರೆ ಬೇಡವೆಂದು ಆ ಕೀಲಿ ಇಸಿದುಕೊಂಡು ಬಂದಿದ್ದ. ಸಾಲದ್ದಕ್ಕೆ ಕ್ಯಾಮೆರಾದ ಕಣ್ಣು ನೆಟ್ಟಗೆ ಅವಳ ಪಡಸಾಲೆಗೇ ಬೀಳುತ್ತಿತ್ತು. ಹರ್ಷದಾ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ದೂರಿನ ಎರಡು ಸಾಲು ಬರೆದು, ಮುಖ ಊದಿಸಿಕೊಂಡು, ಸದಾ ತೆರೆದಿರುತ್ತಿದ್ದ ತನ್ನ ಬಾಗಿಲನ್ನು ಮುಚ್ಚಿಬಿಟ್ಟಿದ್ದಳು. ನೋಡುವುದೂ ಮಾತಾಡುವುದೂ ಬಲ್ಲ, ಬಾಗಿಲು ತೆರೆಯುವುದೊಂದನ್ನು ಮಾತ್ರ ಕಲಿಯದ ಈ ಯಂತ್ರಕ್ಕಾಗಿ ಕೀಲಿ ಇದ್ದ ನೆರೆಮನೆಯನ್ನು ಕಳೆದುಕೊಂಡೆವಲ್ಲ ಎಂದು ನೀಲಿಮಾಳಿಗೆ ಗಂಡನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಬೇಡವೆನ್ನದೆ ಸುಮ್ಮನಿದ್ದ ತನ್ನ ಮೇಲೂ ಬಂತು.

ಹರ್ಷದಾಳಿಗೆ ಫೋನು ಮಾಡಿದಳು. ರಿಂಗಾಯಿತು. ಕ್ಯಾಮೆರಾ ಇನ್ನೂ ತೆರೆದೇ ಇದ್ದುದರಿಂದ ಆ ಮುಚ್ಚಿದ ಬಾಗಿಲಾಚೆ ಹರ್ಷದಾಳ ಫೋನಿನ ಆರತಿ ಹಾಡು ಅವಳಿಗೇ ಕೇಳಿಸಿತು. ಹಾಡು ಪೂರ್ತಿ ಆಗುವವರೆಗೆ ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಈ ಸಲ ಹಾಡು ಅರ್ಧಕ್ಕೇ ನಿಂತಿತು. ವಹಿನಿ ಮನೆಯಲ್ಲೇ ಇದ್ದಾಳೆ, ಫೋನು ಕೈಯಲ್ಲೇ ಇದೆ, ಕತ್ತರಿಸಿದ್ದಾಳೆ.

ಅತ್ತೆ ಬಗ್ಗಿ ಬಟ್ಟಲಿನಿಂದ ಅಕ್ಷತೆ ತೆಗೆಯತೊಡಗಿದ್ದಳು.

ಇನ್ನು ಮಾನ ಮರ್ಯಾದೆ ನೋಡುವ ಹೊತ್ತಲ್ಲ. ನೀಲಿಮಾ ಫೋನನ್ನು ಬಾಯಿಯ ಹತ್ತಿರ ಹಿಡಿದು, ಬಸ್ಸೆಲ್ಲ ಕೇಳುವಂತೆ, “ಹರ್ಷದಾ ವಹಿನಿ, ಓ ಹರ್ಷದಾ ವಹಿನಿ” ಎಂದು ಕೂಗಿದಳು. ತನ್ನ ಮನೆಯ ಬಾಗಿಲಿನಿಂದ ಎದುರು ಮನೆಯ ಬಾಗಿಲಿಗೆ, ಏಳೆಂಟು ಕಿಲೋಮೀಟರು ದೂರದ ಬಸ್ಸಿನಲ್ಲಿ ನಿಂತು ಕೂಗಿದಳು. ನನ್ನ ಅತ್ತೆ ಬಂದಿದ್ದಾರೆ, ದೊಡ್ಡವರು, ನಾನು ಬರುವವರೆಗೆ ಕೂರಿಸಿಕೊಳ್ಳಿ, ತಪ್ಪಾಯಿತು ಎಂದು ಮರಾಠಿಯಲ್ಲಿ ಬೇಡಿಕೊಂಡಳು. ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು.

ಎದುರು ಬಾಗಿಲು ತೆರೆಯಲಿಲ್ಲ. ಆದರೆ ಅದರ ಹಿಂದಿನಿಂದ ಮಾತು ಬಂತು. “ಆಧೀ ತೋ ಕ್ಯಾಮೆರಾ ಬಂದ್ ಕರಾ, ಮಗ್ ದಾರ್ ಉಘಡತೆ.” ಮೊದಲು ಆ ಕ್ಯಾಮೆರಾ ಬಂದ್ ಮಾಡಿ, ಆಮೇಲೆ ಬಾಗಿಲು ತೆಗೆಯುತ್ತೇನೆ. ತಾನು ಮನೆಯಲ್ಲಿ ಗೌನ್ ಹಾಕಿಕೊಂಡಿರುವವಳು, ಯಾರ ಫೋನಿನಲ್ಲೂ ಕಾಣಿಸಿಕೊಳ್ಳುವವಳಲ್ಲ, ಎಂದೂ ಸೇರಿಸಿದಳು.

ನೀಲಿಮಾಳ ಬೆರಳು ಪರದೆಯ ಮೇಲೆ ನಿಂತಿತು. ಬಂದ್ ಮಾಡಿದರೆ ಅತ್ತೆ ಕಾಣುವುದಿಲ್ಲ. ಹೊಸ್ತಿಲ ಮೇಲೆ ಅಕ್ಷತೆಯಿಟ್ಟು ಇಳಿದು ಹೋದರೂ ತಿಳಿಯುವುದಿಲ್ಲ, ಹೋಗಬೇಡಿ ಎನ್ನಲೂ ಆಗುವುದಿಲ್ಲ. ಹರ್ಷದಾ ನಿಜವಾಗಿ ತೆಗೆಯುತ್ತಾಳೋ, ಸಿಟ್ಟಿನಲ್ಲಿ ಆಡಿದ ಮಾತೋ ಅದೂ ಗೊತ್ತಿಲ್ಲ. ಅತ್ತೆಯಂತೂ ಆ ಬಾಗಿಲು ಈ ಬಾಗಿಲು ನೋಡುತ್ತ, ತನ್ನನ್ನು ನೆರೆಮನೆಗೆ ಸಾಗಹಾಕುತ್ತಿದ್ದಾರೆ ಎಂಬ ಮುಖ ಹೊತ್ತು ನಿಂತಿದ್ದಳು.

“ಅತ್ಯಾ, ನಾ ಬಂದೇ ಬರ್ತೇನ್ರಿ. ಹೋಗಬ್ಯಾಡ್ರಿ,” ಎಂದು ಹೇಳಿ ನೀಲಿಮಾ ಕ್ಯಾಮೆರಾವನ್ನು ಬಂದ್ ಮಾಡಿದಳು. ಅತ್ತೆ ಇದ್ದ ಜಾಗದಲ್ಲಿ ಕಪ್ಪು ಚೌಕ ಉಳಿಯಿತು.

ಬಸ್ಸು ಒಂದು ಮಾರು ಮುಂದೆ ಹೋಗಿ ಮತ್ತೆ ನಿಂತಿತು. ಡ್ರೈವರ್ ಲಾಲಪ್ಪ ಕಲಬುರಗಿ ಕಡೆಯವನು. ಕೂಗಾಟದಲ್ಲಿನ ಕನ್ನಡವಷ್ಟನ್ನೂ ಅವನು ಕೇಳಿಸಿಕೊಂಡಿದ್ದ. ಕನ್ನಡಿಯಲ್ಲಿ ಅವಳನ್ನು ನೋಡಿ, “ಅಕ್ಕೋರೆ, ನನ್ನ ಗಾಡಿ ಈಗ ಸರಿಯಂಗಿಲ್ಲ. ಇಳ್ದು ಬೈಕ್ ಟ್ಯಾಕ್ಸಿ ಹಿಡೀರಿ, ಅವ ಸಂದಿನ್ಯಾಗ ನುಸುಳ್ತಾನ,” ಎಂದು ಬಾಗಿಲು ತೆರೆದ.

ಅವಳು ಇಳಿದಳು. ಬೈಕಿನವನೊಬ್ಬ ಸಿಕ್ಕುವ ಹೊತ್ತಿಗೆ ಅಳು ಬರುವಂತಾಗಿತ್ತು. ಅವನು ಲಾರಿಗಳ ನಡುವೆ ನುಗ್ಗಿದ, ಫುಟ್‌ಪಾತ್ ಹತ್ತಿದ, ಅವಳ ಮೊಣಕಾಲಿಗೆ ಯಾವುದೋ ಕಾರಿನ ಕನ್ನಡಿ ತಾಗಿತು. ಪರ್ಸಿನಲ್ಲಿದ್ದ ಫೋನಿಗೆ ಕೈ ಹೋಗಿ ಹೋಗಿ ಹಿಂದೆ ಬರುತ್ತಿತ್ತು. ಈಗ ತೆರೆದರೆ ಕ್ಯಾಮೆರಾದ ದೀಪ ಹೊತ್ತುತ್ತದೆ, ಹರ್ಷದಾ ನೋಡುತ್ತಾಳೆ, ಇದ್ದ ಒಂದು ಎಳೆಯೂ ಹರಿಯುತ್ತದೆ. ನೋಡಬಹುದಾಗಿದ್ದೂ ನೋಡದೆ ಇರುವ ಈ ಹಿಂಸೆ ಅವಳಿಗೆ ಹೊಸದು. ‘ನಡಿಯೂದಿಲ್ಲ, ಏನೂ ನಡಿಯೂದಿಲ್ಲ’ ಎಂದು ಹೆಲ್ಮೆಟ್ಟಿನೊಳಗೇ ಬೈದುಕೊಂಡಳು. ಕ್ಯಾಮೆರಾಕ್ಕೋ, ರಸ್ತೆಗೋ, ಹನ್ನೊಂದು ವರ್ಷ ತಾನೂ ಒಂದು ಫೋನು ಮಾಡದೆ ಬಿಗಿದುಕೊಂಡು ಕೂತದ್ದಕ್ಕೋ ಅವಳಿಗೂ ತಿಳಿಯಲಿಲ್ಲ.

ಸೊಸೈಟಿಯ ಗೇಟಿನ ಬಳಿ ಬೆಳಗಾವಿ ನಂಬರಿನ ಕಾರು ಕಾಣಲಿಲ್ಲ. ಪಾರ್ಕಿಂಗಿನಲ್ಲಿ ಹುಡುಕುವಷ್ಟು ತಾಳ್ಮೆಯೂ ಉಳಿದಿರಲಿಲ್ಲ. ಲಿಫ್ಟು ಮೇಲೆಲ್ಲೋ ಇತ್ತು. ಮೆಟ್ಟಿಲು ಹತ್ತಿಕೊಂಡೇ ಓಡಿದಳು.

ನಾಲ್ಕನೆಯ ಮಹಡಿಯ ಮೊಗಸಾಲೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಒಂದರಲ್ಲಿ ಅತ್ತೆ ಕೂತಿದ್ದಳು, ಮಡಿಲಲ್ಲಿ ಬಟ್ಟಲು. ಇನ್ನೊಂದರಲ್ಲಿ ಗೌನಿನ ಮೇಲೆ ಓಢಣಿ ಹೊದ್ದ ಹರ್ಷದಾ. ನಡುವೆ ನೆಲದ ಮೇಲೆ ಖಾಲಿ ಚಹಾ ಕಪ್ಪುಗಳು. ಅತ್ತೆಯ ಕುರ್ಚಿ ಬೀಗ ಹಾಕಿದ ಬಾಗಿಲಿಗೆ ಮುಖ ಮಾಡಿತ್ತು. ಹೊಸ್ತಿಲು ಬರಿದಾಗಿತ್ತು.

ಮೆಟ್ಟಿಲ ಕಡೆಯಿಂದ ಏದುಸಿರು ಬಿಡುತ್ತ ಬಂದವಳನ್ನು ನೋಡಿ ಅತ್ತೆ ಗಾಬರಿಯಾದಳು. ಬಾಗಿಲನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು.

“ನೀ ಒಳಗ ಇರಲಿಲ್ಲೇನು?”

“ಇಲ್ರಿ ಅತ್ಯಾ. ಹೇಳಿದೆನಲ್ರಿ.”

“ಅಗದೀ ಬಾಗಲದಾಗಿಂದ ಮಾತಾಡಿದಿ. ನಾ ಕಾಣಸ್ತೇನಿ ಅಂದಿ. ಈಕಿನೂ ಹೇಳಿದ್ಲು, ನೀ ಇನ್ನೂ ಬಂದಿಲ್ಲಂತ. ನಿನ್ನ ಸಲುವಾಗಿ ಸುಳ್ಳು ಹೇಳ್ಲಿಕತ್ತಾಳ ಅಂತ ತಿಳ್ಕೊಂಡೆ.”

“ಮತ್ತ ಇಷ್ಟೊತ್ತು ಯಾಕ ಕೂತ್ರಿ?”

ಅತ್ತೆ ಬಟ್ಟಲಿನ ಅಂಚನ್ನು ಹೆಬ್ಬೆರಳಿನಿಂದ ಒರೆಸಿದಳು. “ಸಿಟ್ಟು ಇಳದ ಮ್ಯಾಲ ತಗೀತಿ ಅಂತ,” ಎಂದಳು.

ನೀಲಿಮಾ ಕೀಲಿಗಾಗಿ ಪರ್ಸಿನೊಳಗೆ ಕೈ ಹಾಕಿದಳು. ಕೈಗೆ ಏನೂ ಸಿಗಲಿಲ್ಲ, ಕಣ್ಣಿಗೂ ಏನೂ ಕಾಣಲಿಲ್ಲ. ನೆಲಕ್ಕೇ ಕುಸಿದು ಕೂತು ಪರ್ಸನ್ನು ಬೋರಲು ಸುರಿದಳು. ಟಿಫಿನ್ ಡಬ್ಬಿ ಉರುಳಿತು, ಕಂಪನಿಯ ಕಾರ್ಡು ಬಿತ್ತು, ಕರವಸ್ತ್ರ, ಮಾತ್ರೆಯ ಚೀಟಿಗಳು, ಫೋನು. ಅತ್ತೆ ಕುರ್ಚಿಯಿಂದ ಇಳಿದು, ಒಂದು ಕೈ ನೆಲಕ್ಕೂರಿ ಅವಳ ಪಕ್ಕ ಕೂತಳು. ಒಂದೊಂದೇ ಸಾಮಾನು ಎತ್ತಿ ಪಕ್ಕಕ್ಕಿಟ್ಟಳು. ಡಬ್ಬಿಯ ಕೆಳಗೆ ಕೀಲಿ ಸಿಕ್ಕಿತು.

ಅದನ್ನು ಅವಳು ನೀಲಿಮಾಳ ಕೈಗೆ ಕೊಡಲಿಲ್ಲ. ಹರ್ಷದಾ ನೀಡಿದ ಕೈ ಹಿಡಿದು ಎದ್ದಳು. ಬಟ್ಟಲನ್ನು ಎಡಗೈಯಲ್ಲಿ ಎದೆಗೆ ಒತ್ತಿಕೊಂಡು, ಬಲಗೈಯಿಂದ ತೂತು ಹುಡುಕಿ ಕೀಲಿ ಹಾಕಿದಳು.

“ಯಾ ಕಡೆ ತಿರವೂದು ನೀಲೂ?”

“ಎಡಕ್ಕರಿ,” ಎಂದಳು ನೀಲಿಮಾ ನೆಲದಿಂದಲೇ. “ಎಡಕ್ಕ ಎರಡು ಸಲ.”