ಕರೆದು ಹಿಡಿಯದ ಮನುಷ್ಯ

ಬೆಕ್ಕು ಹಿಡಿಯುವಾಗ ಅಯ್ಯಣ್ಣ ಬಾಯಿ ತೆರೆಯುತ್ತಿರಲಿಲ್ಲ. ಬೋನಿನೊಳಗೆ ಒಣಮೀನು ಇಟ್ಟು, ಮೇಲೆ ಗೋಣಿತಟ್ಟು ಹೊದಿಸಿ, ದೂರ ಹೋಗಿ, ಬೋನಿಗೆ ಬೆನ್ನು ಮಾಡಿ ಕೂಡುತ್ತಿದ್ದರು. ಬಾಗಿಲು ಬಿದ್ದ ಸಪ್ಪಳವಾದ ಮೇಲೆಯೇ ತಿರುಗುವುದು. ಅಯ್ಯಣ್ಣ ನನ್ನ ಗಂಡ. ಇದ್ದಾಗ ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ, ನಮ್ಮಲ್ಲಿ ಕರೆಯುವುದಿಲ್ಲ. ಈಗ ಬರೆಯುತ್ತೇನೆ. ಕೇಳಿ ತಿರುಗುವವರು ಇಲ್ಲ.

ಯಾದಗಿರಿಯ ಗಂಜ್‌ನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಅವರು ಹಮಾಲರು. ಪ್ರಾಯದಿಂದ ತೊಗರಿ ಚೀಲ ಹೊತ್ತು ಹೊತ್ತು ಕುತ್ತಿಗೆ ಮುಂದಕ್ಕೆ ಬಾಗಿತ್ತು. ಬೆನ್ನ ಮೇಲೆ ಏನೂ ಇಲ್ಲದಾಗಲೂ, ಮದುವೆಯ ಊಟಕ್ಕೆ ಹೊರಟಾಗಲೂ, ಎದುರಿಗೆ ತಗ್ಗು ಬಾಗಿಲೊಂದು ಇದೆಯೇನೋ ಎಂಬಂತೆ ತಲೆ ಬಗ್ಗಿಸಿಯೇ ನಡೆಯುತ್ತಿದ್ದರು. ಮಾತು ಅರ್ಧ ಆಡಿ, ಉಳಿದರ್ಧವನ್ನು "ಆತು ಬಿಡು" ಎನ್ನುವುದರಲ್ಲಿ ಮುಗಿಸುವುದು ರೂಢಿ. ಹೆಗಲ ಮೇಲಿನ ಟವೆಲನ್ನು ಒಗೆಯಲು ನನಗೆ ಕೊಡುತ್ತಿರಲಿಲ್ಲ. ಬೇಳೆಯ ಧೂಳು, ಮೀನಿನ ವಾಸನೆ, ಬೆವರು ಎಲ್ಲ ಕೂಡಿ ಅದು ಗಟ್ಟಿಯಾಗಿತ್ತು. ಸಾಬೂನು ಹಚ್ಚಿದರೆ ಬೆಕ್ಕುಗಳು ಯಾರೋ ಹೊಸಬ ಬಂದನೆಂದು ಓಡುತ್ತವಂತೆ. ನಾನು ಮೂಗು ಮುಚ್ಚಿಕೊಂಡು ಸಂಸಾರ ಮಾಡಿದೆ.

ಗೋದಾಮಿಗೆ ಇಲಿಯ ಕಾಟಕ್ಕೆ ಬೆಕ್ಕು ಬೇಕು, ಬೆಕ್ಕಿನ ಮರಿ ಬೇಡ. ಚೀಲಗಳ ಸಂದಿಯಲ್ಲಿ ಈದ ಮರಿಗಳನ್ನು ಗೋಣಿಗೆ ತುಂಬಿ ಹಳ್ಳಕ್ಕೆ ಎಸೆದು ಬರುವುದು ಹಮಾಲರ ಪಾಲಿನ ಕೆಲಸ. ಒಂದು ದಿನ ಆ ಗೋಣಿ ಅವರ ಹೆಗಲಿಗೆ ಬಂತು. ಹಳ್ಳದ ತನಕ ಹೋದವರು ಹಾಗೇ ಹೊತ್ತುಕೊಂಡು ಮನೆಗೆ ಬಂದರು. "ತೂಕನ ಇಲ್ಲ ಇದಕ್ಕ. ಹೊರಾಕ ಆಗವಲ್ದು" ಎಂದರು. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಒಂದೂ ಉಳಿಯಲಿಲ್ಲ.

ಮರುದಿನ ದನದ ದವಾಖಾನೆಗೆ ಹೋಗಿ, ಬೆಕ್ಕಿಗೆ ಮರಿಯಾಗದಂತೆ ಮಾಡಲು ಬರುತ್ತದೆಯೇ ಎಂದು ಸುಮಲತಾ ಡಾಕ್ಟರನ್ನು ಕೇಳಿದರು. ಹಿಡಿದು ತಂದರೆ ಆಪರೇಷನ್ ಮಾಡುತ್ತೇನೆ, ಗುರುತಿಗೆ ಕಿವಿಯ ತುದಿ ಕತ್ತರಿಸುತ್ತೇನೆ, ಗಾಯ ಮಾಯ್ದ ಮೇಲೆ ಹಿಡಿದಲ್ಲಿಯೇ ಬಿಡಬೇಕು ಎಂದರು ಆ ತಾಯಿ. ಗ್ಯಾರೇಜಿನ ಸುಲ್ತಾನಸಾಬರು ಹಳೆಯ ಸರಳು ಬೆಸೆದು ಬೋನು ಮಾಡಿಕೊಟ್ಟರು. ಅಲ್ಲಿಂದ ಶುರು.

ಗಂಜ್ ನಕ್ಕಿತು. ನಮಗೆ ಮಕ್ಕಳಿಲ್ಲ, ಊರಿಗೆ ಅದು ಗೊತ್ತು. ಕಾಳು ದಲಾಲಿಯ ಅಡತಿ ಅಂಗಡಿಯ ವಿಶ್ವರಾಧ್ಯ ಸಾವ್ಕಾರರು ಎಲ್ಲರೆದುರು ಕೇಳಿದರಂತೆ: "ಏನೋ ಅಯ್ಯಣ್ಣ, ಮನ್ಯಾಗಂತೂ ತೊಟ್ಲ ಕಟ್ಟಲಿಲ್ಲ, ಈಗ ಬೆಕ್ಕಿನ ತೊಟ್ಲಾನೂ ಬಿಚ್ಚಾಕತ್ತೀ ಏನು?" ಇವರು "ಆತು ಬಿಡ್ರಿ ಸಾವ್ಕಾರ್ರ" ಎಂದು ಚೀಲಕ್ಕೆ ಬೆನ್ನು ಕೊಟ್ಟರು. ಆ ದಿನ ನಾನು ಕಟ್ಟಿಕೊಟ್ಟ ರೊಟ್ಟಿಯ ಗಂಟು ಬಿಚ್ಚದೆ ಮನೆಗೆ ಮರಳಿತು. ಕಿವಿ ಕತ್ತರಿಸಿದ ಬೆಕ್ಕೂ ಇಲಿ ಹಿಡಿಯುತ್ತದೆಂದು ಕಂಡ ಮೇಲೆ ಅದೇ ಸಾವ್ಕಾರರು ಶಹಾಪುರದ ತಮ್ಮನ ಅಂಗಡಿಗೂ ಹೋಗಿ ಬಾ ಎಂದರು. ಮುಂದೆ ಸುರಪುರದಿಂದಲೂ ಕರೆ ಬಂತು. ಬೋನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿರುತ್ತಿದ್ದ ಅವರನ್ನು ಜನ ಬೆಕ್ಕಿನ ಅಯ್ಯಣ್ಣ ಎನ್ನತೊಡಗಿದರು.

ದಿನಾ ಮುಂಜಾನೆ ಗೋದಾಮಿನ ಹಿಂದೆ ಹಾಲನ್ನ ಕಲಸಿದ ತಾಟು ಇಟ್ಟು, ದನಿ ತಗ್ಗಿಸಿ, "ಚ್ಚ ಚ್ಚ, ಬಾರವ್ವಾ ಬಾ" ಎಂದು ಕರೆಯುತ್ತಿದ್ದರು. ಮನುಷ್ಯರ ನೆರಳು ಕಂಡರೆ ಹಲ್ಲು ತೋರುವ ಪ್ರಾಣಿಗಳು ಆ ದನಿಗೆ ಬಾಲ ಎತ್ತಿ ಬರುತ್ತಿದ್ದವು. ಆದರೆ ಬೋನು ಇಟ್ಟ ದಿನ ಕರೆಯುತ್ತಿರಲಿಲ್ಲ. ಸಿಕ್ಕ ಬೆಕ್ಕನ್ನು ಒಯ್ಯಲು ಬರುತ್ತಿದ್ದ ದವಾಖಾನೆಯ ಭೀಮೇಶ ಕಾದು ಕಾದು ಬೇಸತ್ತು, ಒಂದು ಸಲ ಕರೆಯಿರಿ ಅಣ್ಣಾರ, ನನ್ನ ಅರ್ಧ ದಿನ ಉಳಿಯುತ್ತದೆ ಎಂದು ಬೇಡಿಕೊಂಡ.

"ಉಣ್ಣಾಕ ಕರದ ದನೀಲೆ ಹಿಡ್ಯಾಕ ಕರೀಬಾರದು ತಮ್ಮಾ" ಎಂದರು ಇವರು. "ಹಸದು ಒಳಗ ಹೋದ್ರ ಅದು ಬೋನಿನ ಮೋಸ. ಕರದದ್ದಕ್ಕ ಹೋದ್ರ ಅದು ನಂದು."

ಗಂಜ್‌ನ ಬೆಕ್ಕುಗಳೆಲ್ಲ ಒಂದೊಂದಾಗಿ ಸಿಕ್ಕವು. ಮುದುಕಿ ಮಾತ್ರ ಸಿಗಲಿಲ್ಲ. ಮೂರು ಬಣ್ಣದ ಆ ಹೆಣ್ಣು ಬೆಕ್ಕಿಗೆ ಅವರೇ ಇಟ್ಟ ಹೆಸರು ಅದು. ಬೋನಿನ ಮುಂದೆ ಕೂತು, ಮೀನಿನ ವಾಸನೆ ಕುಡಿದು, ಮೈ ನೆಕ್ಕಿಕೊಂಡು ಎದ್ದು ಹೋಗುತ್ತಿತ್ತು. ಕಳೆದ ಸಲ ಮರಿ ಅಡ್ಡ ಸಿಕ್ಕಿ ಸಾಯುವ ಹಾಗೆ ನರಳಿತ್ತು. ಮತ್ತೊಮ್ಮೆ ಈಯುವ ತ್ರಾಣ ಅದಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದೂ ಅವರ ಕರೆಗೆ ಓಡಿ ಬರುವ ಬೆಕ್ಕೇ. ಒಂದು ಕರೆ ಸಾಕಿತ್ತು. ಇವರು ಕರೆಯಲಿಲ್ಲ, ಬೆನ್ನು ಮಾಡಿ ಕೂತರು. ಚಳಿಗಾಲ ಹೋಯಿತು, ಬಿಸಿಲು ಬಂತು, ಕೂತೇ ಇದ್ದರು.

ಬೇಳೆಯ ಧೂಳು ಎದೆಯೊಳಗೆ ಇಳಿದಿತ್ತು. ಕೆಮ್ಮು ದಮ್ಮಾಯಿತು. ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಕಡೆಗೆ ನನ್ನ ಕೈ ಹಿಡಿದು ಹೇಳಿದ್ದು ಇಷ್ಟು: "ಮುದುಕಿ ಒಬ್ಬಾಕಿ ಉಳದಾಳ. ಆಕಿನ್ನ..." ಉಸಿರು ಸಾಲಲಿಲ್ಲ. "ಆತು ಬಿಡು" ಎಂದರು.

ಮಣ್ಣು ಮಾಡಿ, ಬಂದವರೆಲ್ಲ ಹೋದ ಮೇಲೆ ನಾನು ಬೋನು ತೆಗೆದುಕೊಂಡು ಗಂಜ್‌ಗೆ ಹೋದೆ. ಅವರ ಹಾಗೆಯೇ ಮೀನಿಟ್ಟು, ಬೆನ್ನು ಮಾಡಿ ಕೂತೆ. ಮುದುಕಿ ಬಂತು, ನೋಡಿತು, ಹೋಯಿತು. ಮರುದಿನವೂ ಅಷ್ಟೇ. ಚೆಲ್ಲಿದ ಕಾಳು ಗುಡಿಸುವ ಪಂಚಶೀಲಾ ಕಸಬರಿಗೆ ನಿಲ್ಲಿಸಿ ನನ್ನ ಪಕ್ಕ ಬಂದು ಕೂತಳು.

"ಗಂಡುಬೆಕ್ಕೊಂದು ಹೊಸಾದು ಬಂದದ ಅಕ್ಕಾ. ಮುದುಕಿ ಹಿಂದ ಬಿದ್ದದ. ಅಣ್ಣಾರ ನೇಮ ಹಿಡಕೊಂಡು ಕುಂತಿ ಅಂದ್ರ, ಅಣ್ಣಾರಂಗ ಇದೂ ಹೋಗ್ತದ."

ನಾನು ಗೋಣಿತಟ್ಟು ತೆಗೆದು ಬೋನಿಗೆ ಅವರ ಟವೆಲು ಹೊದಿಸಿದೆ. ಅದರ ಹಿಂದೆ ಕೂತು, ದನಿ ತಗ್ಗಿಸಿ, "ಚ್ಚ ಚ್ಚ, ಬಾರವ್ವಾ ಬಾ" ಎಂದೆ. ಚೀಲದ ಮೇಲೆ ಮಲಗಿದ್ದ ಮುದುಕಿ ತಟ್ಟನೆ ತಲೆ ಎತ್ತಿತು. ಬಾಲ ಎತ್ತಿ ನೆಟ್ಟಗೆ ಬಂತು. ಮೀನಿನ ಕಡೆ ನೋಡಲೇ ಇಲ್ಲ. ಟವೆಲಿನ ಕಡೆ, ದನಿಯ ಕಡೆ ನಡೆದು ಬೋನಿನೊಳಗೆ ಬಂತು. ಬಾಗಿಲು ಬಿತ್ತು. ನಾನು ಬೆನ್ನು ಮಾಡಿರಲಿಲ್ಲ. ಅದರ ಮುಖ ನೋಡಿದೆ.

ಮುದುಕಿ ಬದುಕಿದೆ. ಕಿವಿಯ ಗುರುತು ಹೊತ್ತು ಅದೇ ಗೋದಾಮಿನಲ್ಲಿ ಇಲಿ ಹಿಡಿಯುತ್ತದೆ. ಮುಂಜಾನೆ ತಾಟು ಇಟ್ಟು ಕರೆದರೆ ಉಳಿದವೆಲ್ಲ ಬರುತ್ತವೆ, ಅದು ಬರುವುದಿಲ್ಲ. ಚೀಲದ ಮೇಲೆ ಕೂತು ನನ್ನನ್ನೇ ನೋಡುತ್ತದೆ. ನಾನು ಗೇಟು ದಾಟಿದ ಮೇಲೆ ಇಳಿದು ಉಣ್ಣುತ್ತದೆಂದು ಪಂಚಶೀಲಾ ಹೇಳುತ್ತಾಳೆ. ಅವರು ಕರೆಯದೆ ಇದ್ದದ್ದು ಸರಿ. ನಾನು ಕರೆದದ್ದೂ ಸರಿ.

ಇಂಥ ಮನುಷ್ಯರು ಊರಿಗೊಬ್ಬರೋ ಇಬ್ಬರೋ ಇರುತ್ತಾರೆ. ದೊಡ್ಡ ಧರ್ಮದ ಮಾತು ಅವರಿಗೆ ತಿಳಿಯದು. ಸಣ್ಣದೊಂದು ನೇಮ ಹಿಡಿದು, ಮೂಕಪ್ರಾಣಿಯ ಎದುರಿಗೂ ಅದಕ್ಕೆ ತಪ್ಪದೆ ನಡೆದು, ತಲೆ ಬಗ್ಗಿಸಿಕೊಂಡು ಹೋಗಿಬಿಡುತ್ತಾರೆ. ಅವರು ಗಳಿಸಿಟ್ಟ ನಂಬಿಕೆಯನ್ನು ಅವರು ಮುಟ್ಟುವುದಿಲ್ಲ. ಅದನ್ನು ಖರ್ಚು ಮಾಡಿ ಒಂದು ಜೀವ ಉಳಿಸುವ ಕೆಲಸ ಹಿಂದೆ ಉಳಿದವರಿಗೆ ಬರುತ್ತದೆ.